ಪದ್ಮಿನಿ ಟ್ಯಾಕ್ಸಿಯೂ ಚಾಲಕನ ಸೊಂಟವೂ

ಮುಂಬಯಿಯ ಬೀದಿಗಳಲ್ಲಿ ಸುಮಾರು ಆರು ದಶಕಗಳ ಕಾಲ ಓಡಿದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯು ೨೦೨೩ರ ಅಕ್ಟೋಬರ್ ೩೦ರಂದು ಅಧಿಕೃತವಾಗಿ ನಿವೃತ್ತಿ ಹೊಂದಿತು. ಕೊನೆಯ ಪದ್ಮಿನಿ ಟ್ಯಾಕ್ಸಿಯು ತಾಡದೇವದ ಸಾರಿಗೆ ಕಚೇರಿಯಲ್ಲಿ ೨೦೦೩ರ ಅಕ್ಟೋಬರ್ ೨೯ರಂದು ನೋಂದಣಿಯಾಗಿದ್ದು, ನಗರದ ಟ್ಯಾಕ್ಸಿಗೆ ವಿಧಿಸಿದ್ದ ೨೦ ವರ್ಷಗಳ ಮಿತಿ ಅಲ್ಲಿಗೆ ಮುಗಿಯಿತು. ಆ ದಿನಗಳಲ್ಲಿ ಪತ್ರಿಕೆಗಳು ಈ ಕಪ್ಪು ಹಳದಿ ಬಂಡಿಯ ಚಂದವನ್ನು ಬಹುವಾಗಿ ಕೊಂಡಾಡಿದವು. ಆದರೆ ಅವುಗಳಲ್ಲಿ ಹೆಚ್ಚಿನವು ಹಿಂದಿನ ಆಸನದಲ್ಲಿ ಕುಳಿತವರ ನೆನಪುಗಳು. ಮುಂದಿನ ಆಸನದಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ಕುಳಿತವನ ಸೊಂಟದ ಸುದ್ದಿ ವಿರಳ. ಈ ಲೇಖನದಲ್ಲಿ ಆ ಸೊಂಟದ ವಿಚಾರವನ್ನೇ ಅಭ್ಯಾಸ ಮಾಡೋಣ.

ಬಂಡಿ ಹೋದಮೇಲೆ ಈ ಪಾಠವೇಕೆ ಎಂದು ವಾಚಕರು ಕೇಳಬಹುದು. ಬಂಡಿ ಹೋಯಿತು, ಚಾಲಕ ಉಳಿದನು. ಅವನು ಇಂದು ಬೇರೊಂದು ಮೋಟಾರಿನಲ್ಲಿ ಕುಳಿತಿದ್ದಾನೆ. ಹಳೆಯ ನೋವನ್ನೂ ಹಳೆಯ ಕುಳಿತುಕೊಳ್ಳುವ ರೀತಿಯನ್ನೂ ಜೊತೆಗೆ ಕೊಂಡೊಯ್ದಿದ್ದಾನೆ. ‘ವಯಸ್ಸಾಯಿತು’, ‘ವಾಯು ಹಿಡಿದಿದೆ’, ‘ಹಣೆಯಲ್ಲಿ ಬರೆದದ್ದು’ ಎಂದು ಸಮಾಧಾನ ಪಟ್ಟುಕೊಳ್ಳುವವರೇ ಬಹಳ. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯುಂಟು. ಈ ವಿಷಯದಲ್ಲಿ ಮಾತ್ರ ನೆಲವೇ ಡೊಂಕು. ಅದು ಎಲ್ಲೆಲ್ಲಿ ಡೊಂಕೆಂದು ತಿಳಿದರೆ ತಕ್ಕಮಟ್ಟಿಗೆ ಸರಿಪಡಿಸಿಕೊಳ್ಳಬಹುದು.

ಬಂಡಿಯ ಪರಿಚಯ

ಪದ್ಮಿನಿಯ ಮೂಲ ಇಟಲಿಯ ಫಿಯಟ್ ೧೧೦೦. ವಾಲಚಂದ್ ಹೀರಾಚಂದರು ೧೯೪೪ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯು ಕುರ್ಲಾದ ಕಾರಖಾನೆಯಲ್ಲಿ ಇದನ್ನು ತಯಾರಿಸಿತು. ೧೯೬೪ರಲ್ಲಿ ‘ಫಿಯಟ್ ೧೧೦೦ ಡಿಲೈಟ್’ ಎಂದಿದ್ದ ಬಂಡಿಗೆ ೧೯೭೦ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಬಂದಿತು. ೧೦೮೯ ಸಿ.ಸಿ. ಎಂಜಿನು, ಹಿಂದಿನ ಗಾಲಿಗಳ ಮೇಲೆ ಪಟ್ಟಿ ಸ್ಪ್ರಿಂಗು, ಬೆಂಚಿನಂಥ ಮುಂದಿನ ಆಸನ, ಸ್ಟಿಯರಿಂಗ್ ಕಂಬದ ಎಡಕ್ಕೆ ಗೇರಿನ ಹಿಡಿ. ಸ್ಟಿಯರಿಂಗ್ ತಿರುಗಿಸಲು ಯಂತ್ರದ ನೆರವಿಲ್ಲ; ಎಲ್ಲವೂ ತೋಳಿನ ಬಲ. ಕೆಡದೆ ದುಡಿಯುವ, ಕೆಟ್ಟರೆ ಬೀದಿಬದಿಯ ಮಿಸ್ತ್ರಿಯಿಂದಲೇ ರಿಪೇರಿಯಾಗುವ ಒಳ್ಳೆಯ ಬಂಡಿ. ಆದರೆ ಸಂಸಾರಸ್ಥರು ದಿನಕ್ಕೊಂದು ಗಂಟೆ ಓಡಿಸಲೆಂದು ಕಲ್ಪಿಸಿದ ಬಂಡಿಯನ್ನು ನಾವು ಹಗಲು ರಾತ್ರಿ ಎರಡು ಪಾಳಿಯಲ್ಲಿ ದುಡಿಸಿದೆವು. ತೊಂದರೆಯ ಬೇರು ಇಲ್ಲಿದೆ.

ಬೆನ್ನೆಲುಬಿನ ರಚನೆ

ನಮ್ಮ ಬೆನ್ನೆಲುಬು ಒಂದೇ ಕೋಲಲ್ಲ, ಮಣಿಗಳ ಸರ. ಕುತ್ತಿಗೆಯಲ್ಲಿ ೭, ಬೆನ್ನಿನಲ್ಲಿ ೧೨, ಸೊಂಟದಲ್ಲಿ ೫, ಹೀಗೆ ಅಲುಗಾಡುವ ಮಣಿಗಳು ೨೪. ಮಣಿ ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ವೈದ್ಯರು ಇವನ್ನೇ ಡಿಸ್ಕ್ ಎನ್ನುತ್ತಾರೆ. ಬಿಲ್ಲೆಯ ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ಲೋಳೆಯಂಥ ತಿರುಳು. ದೊಡ್ಡವರಲ್ಲಿ ಈ ಬಿಲ್ಲೆಯ ಒಳಕ್ಕೆ ರಕ್ತನಾಳಗಳು ಹೋಗುವುದಿಲ್ಲ. ಸುತ್ತಲಿನಿಂದ ಜಿನುಗಿ ಬರುವ ದ್ರವವೇ ಅದರ ಆಹಾರ. ಹಗಲಿನ ಭಾರಕ್ಕೆ ಅದು ಸ್ವಲ್ಪ ಹಿಂಡಿಹೋಗುತ್ತದೆ. ರಾತ್ರಿ ಮಲಗಿದಾಗ ಮತ್ತೆ ನೀರು ಹೀರಿ ಉಬ್ಬುತ್ತದೆ. ಆದುದರಿಂದಲೇ ಮನುಷ್ಯನು ಸಂಜೆಗಿಂತ ಬೆಳಿಗ್ಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಎತ್ತರವಾಗಿರುತ್ತಾನೆ. ಸಂಶಯವಿದ್ದವರು ಗೋಡೆಗೆ ಒರಗಿ ನಿಂತು, ಎರಡು ಹೊತ್ತೂ ಗುರುತು ಹಾಕಿ ನೋಡಬಹುದು.

ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ ಅವರು ೧೯೬೦ರ ದಶಕದಲ್ಲಿ ಸೊಂಟದ ಬಿಲ್ಲೆಯೊಳಕ್ಕೆ ಸೂಜಿ ಇಳಿಸಿ ಅಲ್ಲಿಯ ಒತ್ತಡವನ್ನು ಅಳೆದರು. ನಿಂತಾಗಿಗಿಂತ ಆಸರೆಯಿಲ್ಲದೆ ಕುಳಿತಾಗ ಒತ್ತಡ ಹೆಚ್ಚು, ಮುಂದಕ್ಕೆ ಬಾಗಿ ಕುಳಿತಾಗ ಮತ್ತಷ್ಟು ಹೆಚ್ಚು ಎಂದು ಕಂಡಿತು. ೧೯೯೯ರಲ್ಲಿ ಜರ್ಮನಿಯಲ್ಲಿ ನಡೆದ ಅಳತೆಯಲ್ಲಿ ನಿಂತದ್ದಕ್ಕೂ ನೆಟ್ಟಗೆ ಕುಳಿತದ್ದಕ್ಕೂ ಅಷ್ಟು ಅಂತರ ಕಾಣಲಿಲ್ಲ. ಆದರೆ ಬಾಗಿದರೆ ಒತ್ತಡ ಏರುವುದು ಅಲ್ಲಿಯೂ ಕಂಡಿತು. ಬೆನ್ನು ಹಿಂದಕ್ಕೆ ಒರಗಿ, ಸೊಂಟದ ಕೊಂಕಿಗೆ ಆಸರೆ ದೊರೆತರೆ ಒತ್ತಡ ಇಳಿಯುವುದೆಂದು ೧೯೭೦ರ ದಶಕದಲ್ಲಿ ಸ್ವೀಡನ್ನಿನಲ್ಲಿಯೇ ತಿಳಿದುಬಂದಿತು. ಹೀಗಾಗಿ ಕುಳಿತುಕೊಳ್ಳುವುದೇ ಕೇಡಲ್ಲ. ಬಾಗಿ, ಆಸರೆಯಿಲ್ಲದೆ, ಬಹಳ ಹೊತ್ತು ಒಂದೇ ಭಂಗಿಯಲ್ಲಿ ಕುಳಿತುಕೊಳ್ಳುವುದು ಕೇಡು.

ನೋವು ಹುಟ್ಟುವ ಬಗೆ

ಮೊದಲನೆಯದು ಆಸನ. ವರ್ಷಗಟ್ಟಲೆ ಕುಳಿತು ಕುಳಿತು ಬೆಂಚಿನ ಸ್ಪ್ರಿಂಗು ಕುಸಿದು, ಚಾಲಕನ ಜಾಗ ಗುಂಡಿಯಾಗುತ್ತಿತ್ತು. ಗುಂಡಿಯಲ್ಲಿ ಕುಳಿತವನ ಮೊಣಕಾಲು ಮೇಲೇರುತ್ತದೆ, ಸೊಂಟದ ಸಹಜವಾದ ಒಳಕೊಂಕು ಹೊರಕ್ಕೆ ಉಬ್ಬುತ್ತದೆ. ಚಪ್ಪಟೆಯಾದ ಬೆನ್ನೊರಗಿನಿಂದ ಅಲ್ಲಿಗೆ ಆಸರೆ ಸಿಗುತ್ತಿರಲಿಲ್ಲ.

ಎರಡನೆಯದು ಅದುರು. ಜೋಕಾಲಿಯನ್ನು ಅದರ ತಾಳಕ್ಕೆ ಸರಿಯಾಗಿ ತಳ್ಳಿದರೆ ಸ್ವಲ್ಪ ಬಲಕ್ಕೇ ಬಹಳ ಎತ್ತರ ತೂಗುತ್ತದೆ. ಕುಳಿತ ಮನುಷ್ಯನ ಮುಂಡಕ್ಕೂ ಅಂಥದೊಂದು ತಾಳವಿದೆ; ಅದು ಸೆಕೆಂಡಿಗೆ ಸುಮಾರು ೪ರಿಂದ ೬ ಸಲ. ಕೆಟ್ಟ ರಸ್ತೆಯಲ್ಲಿ ಆಸನದ ಕುಲುಕಾಟ ಈ ತಾಳಕ್ಕೆ ಕೂಡಿಬಂದಾಗ ಬೆನ್ನೆಲುಬು ಬಂಡಿಗಿಂತಲೂ ಹೆಚ್ಚು ಕುಲುಕುತ್ತದೆ. ಮಳೆಗಾಲದ ಹೊಂಡಗಳೂ, ಸವೆದ ಶಾಕ್ ಅಬ್ಸಾರ್ಬರುಗಳೂ ಕೂಡಿದರೆ ಹೇಳುವುದೇ ಬೇಡ.

ಮೂರನೆಯದು ಕೈಕಾಲುಗಳ ದುಡಿಮೆ. ಸಿಗ್ನಲು ಸಿಗ್ನಲಿಗೂ ಎಡಗಾಲು ಕ್ಲಚ್ಚನ್ನು ಒತ್ತಬೇಕು; ಎಡಗೈ ಗೇರಿನ ಹಿಡಿಗಾಗಿ ಮತ್ತೆ ಮತ್ತೆ ಮೇಲೇಳಬೇಕು. ಎಡ ಮೊಣಕಾಲೂ ಎಡ ಭುಜವೂ ಸೋಲುವುದು ಇದರಿಂದ. ಬಲಗೈಯ ಕಥೆ ಬೇರೆ. ಅದರ ಮೊಣಕೈಯನ್ನು ಕಿಟಕಿಯ ಅಂಚಿನ ಮೇಲೆ ಊರುವ ರೂಢಿಯುಂಟು. ಅಲ್ಲಿ ಎಲುಬಿನ ಹಿಂದೆ ಚರ್ಮದ ಕೆಳಗೇ ಒಂದು ನರ ಹಾದುಹೋಗುತ್ತದೆ. ಅದು ಒತ್ತಿದರೆ ಕಿರುಬೆರಳೂ ಉಂಗುರಬೆರಳೂ ಜುಮುಗುಟ್ಟುತ್ತವೆ.

ನಾಲ್ಕನೆಯದು ಸಾಮಾನು. ಈ ಶತಮಾನದ ಮೊದಲ ವರ್ಷಗಳಲ್ಲಿ ಟ್ಯಾಕ್ಸಿಗಳು ಸಿ.ಎನ್.ಜಿ. ಅನಿಲಕ್ಕೆ ಬದಲಾದಾಗ ಸಿಲಿಂಡರು ಡಿಕ್ಕಿಯಲ್ಲಿ ಕುಳಿತಿತು. ಪ್ರಯಾಣಿಕರ ಪೆಟ್ಟಿಗೆಗಳು ಛಾವಣಿಯ ಕ್ಯಾರಿಯರಿಗೆ ಏರಿದವು. ಬಹಳ ಹೊತ್ತು ಬಾಗಿ ಕುಳಿತವನ ಸೊಂಟದ ಕಟ್ಟುಗಳು ಸಡಿಲಗೊಂಡಿರುತ್ತವೆ. ಇಳಿದ ಕೂಡಲೆ ಭಾರವೆತ್ತಿದರೆ ಏಟು ನೇರವಾಗಿ ಬಿಲ್ಲೆಗೆ. ಸುತ್ತಿನ ನಾರು ಹರಿದು ತಿರುಳು ಹೊರಚಾಚಿ ನರವನ್ನು ಒತ್ತಿದರೆ, ಪಿರ್ರೆಯಿಂದ ಹಿಡಿದು ಪಾದದವರೆಗೂ ನೋವು ಇಳಿಯುತ್ತದೆ.

ಮಾಡಬೇಕಾದುದು

ಇವು ಪದ್ಮಿನಿಗೆ ಮಾತ್ರವಲ್ಲ, ಇಂದು ಓಡಿಸುವ ಯಾವ ಬಂಡಿಗೂ ಹೊಂದುತ್ತವೆ. ಹೆಚ್ಚಿನವಕ್ಕೆ ಕಾಸಿನ ಖರ್ಚೂ ಇಲ್ಲ.

೧. ಆಸನ ಕುಸಿದಿದ್ದರೆ ಮಡಿಸಿದ ಕಂಬಳಿಯಿಂದ ಗುಂಡಿಯನ್ನು ತುಂಬಿ ಸಮಮಾಡಿರಿ. ಪಂಚೆಯನ್ನೋ ಟವೆಲನ್ನೋ ಸುರುಳಿ ಸುತ್ತಿ, ಸೊಂಟಪಟ್ಟಿಯ ಮಟ್ಟದಲ್ಲಿ ಬೆನ್ನ ಹಿಂದೆ ಇಟ್ಟುಕೊಳ್ಳಿರಿ.

೨. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಿಸಿರಬೇಕು, ಬೆನ್ನು ಒರಗನ್ನು ಬಿಟ್ಟು ಬರಬಾರದು. ಭುಜ ಒರಗಿಗೆ ತಾಗಿದ್ದಂತೆ ಕೈ ಚಾಚಿದರೆ ಮಣಿಕಟ್ಟು ಸ್ಟಿಯರಿಂಗಿನ ಮೇಲ್ತುದಿಗೆ ಮುಟ್ಟಬೇಕು. ಆಸನದ ದೂರವನ್ನು ಗೊತ್ತುಮಾಡಲು ಈ ಪರೀಕ್ಷೆಗಳು ಸಾಕು.

೩. ಹಣದ ಪಾಕೀಟನ್ನು ಹಿಂದಿನ ಜೇಬಿನಲ್ಲಿಟ್ಟು ಅದರ ಮೇಲೆ ಕುಳಿತುಕೊಳ್ಳಬೇಡಿರಿ. ಸೊಂಟ ಓರೆಯಾಗುತ್ತದೆ, ಪಿರ್ರೆಯ ನರ ಒತ್ತುತ್ತದೆ.

೪. ಬೆಳಿಗ್ಗೆ ನೆಟ್ಟಗೆ ಕುಳಿತು ಕನ್ನಡಿಯನ್ನು ಹೊಂದಿಸಿರಿ. ಮಧ್ಯಾಹ್ನ ಅದರಲ್ಲಿ ಹಿಂದಿನ ರಸ್ತೆ ಸರಿಯಾಗಿ ಕಾಣದಿದ್ದರೆ ಕನ್ನಡಿಯನ್ನು ತಿರುಗಿಸಬೇಡಿರಿ. ಕುಸಿದಿರುವ ನಿಮ್ಮ ಬೆನ್ನನ್ನು ಎತ್ತಿರಿ.

೫. ಬಂಡಿ ನಿಂತಿರುವಾಗ ಸ್ಟಿಯರಿಂಗನ್ನು ಬಲವಂತವಾಗಿ ತಿರುಗಿಸಬೇಡಿರಿ. ಗಾಲಿ ತುಸು ಉರುಳುತ್ತಿರಲಿ. ಟಯರಿನ ಗಾಳಿ ಕಡಮೆಯಾದರೆ ಸ್ಟಿಯರಿಂಗ್ ಭಾರ, ಹೆಚ್ಚಾದರೆ ಕುಲುಕು ಹೆಚ್ಚು.

೬. ಸ್ಟ್ಯಾಂಡಿನಲ್ಲಿ ಸರದಿ ಕಾಯುವಾಗ ಒಳಗೇ ಒರಗಿರದೆ ಕೆಳಗಿಳಿಯಿರಿ. ಸೊಂಟದ ಮೇಲೆ ಎರಡೂ ಕೈಯಿಟ್ಟು ಐದಾರು ಸಲ ಹಿಂದಕ್ಕೆ ಬಾಗಿರಿ, ನಾಲ್ಕು ಹೆಜ್ಜೆ ನಡೆಯಿರಿ. ಭಾರವೆತ್ತುವ ಮುನ್ನವೂ ಒಂದೆರಡು ನಿಮಿಷ ಹೀಗೆ ಮಾಡಿ, ಪೆಟ್ಟಿಗೆಯನ್ನು ಮೈಗೆ ಹತ್ತಿರ ಹಿಡಿದು ಎತ್ತಿರಿ.

೭. ಮೂತ್ರಕ್ಕೆ ಸ್ಥಳ ಸಿಗದೆಂದು ನೀರು ಕುಡಿಯುವುದನ್ನು ಬಿಡಬೇಡಿರಿ. ಬಿಸಿಲಿನ ದುಡಿಮೆಯಲ್ಲಿ ನೀರು ಸಾಲದಿದ್ದರೆ ಮೂತ್ರದ ಕಲ್ಲಿಗೆ ದಾರಿಯಾಗುತ್ತದೆ.

ವೈದ್ಯರ ಬಳಿಗೆ ಯಾವಾಗ?

ಸಾಮಾನ್ಯ ಸೊಂಟನೋವು ಹೆಚ್ಚಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಹಿಂದೆ ವಾರಗಟ್ಟಲೆ ಹಲಗೆಯ ಮೇಲೆ ಮಲಗಿರೆಂದು ಹೇಳುತ್ತಿದ್ದರು. ಈಗ ವೈದ್ಯರು ತಾಳಿಕೊಳ್ಳುವಷ್ಟು ಓಡಾಡಿಕೊಂಡಿರಿ ಎನ್ನುತ್ತಾರೆ. ವೈದ್ಯರನ್ನು ಕೇಳದೆ ನೋವಿನ ಗುಳಿಗೆಯನ್ನು ದಿನವೂ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯ. ನೋವು ಮೊಣಕಾಲಿನ ಕೆಳಕ್ಕೆ ಇಳಿದರೆ, ಜ್ವರ ಕೂಡಿದರೆ, ಕೆಲವು ವಾರಗಳಲ್ಲಿ ಇಳಿಯದಿದ್ದರೆ ತೋರಿಸಲೇಬೇಕು. ಪಾದ ಎತ್ತಲು ಶಕ್ತಿ ಸಾಲದಿದ್ದರೆ, ತೊಡೆಗಳ ಸಂದಿಯಲ್ಲಿ ಸ್ಪರ್ಶ ತಿಳಿಯದಾದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ ನಾಳೆ ಎನ್ನಬಾರದು. ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ತಡಮಾಡಿದರೆ ಕಾಲಿನ ಬಲ ತಿರುಗಿ ಬಾರದೆ ಹೋಗಬಹುದು.

ಗಂಟೆಗಳ ಲೆಕ್ಕ

ಇಷ್ಟೆಲ್ಲ ಹೇಳಿದರೂ ಒಂದು ಮಾತು ಉಳಿಯುತ್ತದೆ. ೧೯೬೧ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ ೮ ಗಂಟೆ, ವಾರಕ್ಕೆ ೪೮ ಗಂಟೆ, ೫ ಗಂಟೆಗಳ ದುಡಿಮೆಯ ಬಳಿಕ ಕಡಮೆಯೆಂದರೆ ಅರ್ಧ ಗಂಟೆ ವಿಶ್ರಾಂತಿ ಎಂದು ವಿಧಿಸಿತ್ತು. ಆದರೆ ಅದು ಐದು ಅಥವಾ ಹೆಚ್ಚು ಕಾರ್ಮಿಕರುಳ್ಳ ಸಂಸ್ಥೆಗಳಿಗೆಂದು ಆದ ಕಾಯ್ದೆ. ಮಾಲಿಕನಿಂದ ದಿನಬಾಡಿಗೆಗೆ ಬಂಡಿ ಪಡೆದ ಒಂಟಿ ಚಾಲಕನ ಗಂಟೆಗಳನ್ನು ಎಣಿಸಿದವರಿಲ್ಲ. ಮೊದಲ ಆರೇಳು ಗಂಟೆಗಳ ದುಡಿಮೆ ಬಾಡಿಗೆಗೂ ಇಂಧನಕ್ಕೂ ಹೋದರೆ, ಊರಿಗೆ ಕಳುಹಿಸುವ ಹಣ ಹುಟ್ಟುವುದು ಅದರ ಮೇಲಿನ ಗಂಟೆಗಳಲ್ಲಿ. ಸೊಂಟ ಸೋಲುವುದೂ ಆ ಗಂಟೆಗಳಲ್ಲಿಯೇ. ಸೊಂಟ ಹಿಡಿದು ಒಂದು ತಿಂಗಳು ಕೋಣೆಯಲ್ಲಿ ಮಲಗಿದರೆ ಊರಿನ ಮನೆಯ ಒಲೆಗೂ ಅದರ ಬಿಸಿ ತಟ್ಟುತ್ತದೆ. ದಿನದಲ್ಲಿ ನಾಲ್ಕಾರು ಸಲ ಬಂಡಿಯಿಂದ ಇಳಿಯಲು ಹಿಡಿಯುವ ಹತ್ತಿಪ್ಪತ್ತು ನಿಮಿಷವನ್ನು ನಷ್ಟವೆಂದು ಬರೆಯಬಾರದು. ಅದನ್ನು ಬಂಡವಾಳದ ಖಾತೆಗೆ ಬರೆಯಬೇಕು.

ಕಚೇರಿಯ ಕುರ್ಚಿಯಲ್ಲಿ ದಿನವಿಡೀ ಲೆಕ್ಕ ಬರೆಯುವ ನಮ್ಮಂಥ ಗುಮಾಸ್ತರಿಗೂ ಟವೆಲಿನ ಸುರುಳಿ, ಪಾಕೀಟು, ಗಂಟೆಗೊಮ್ಮೆ ಏಳುವುದು, ಈ ಮೂರೂ ಅನ್ವಯಿಸುತ್ತವೆ. ಬಂಡಿಗೆ ೨೦ ವರ್ಷ ಸಾಕೆಂದು ಸರಕಾರ ವಿಧಿಸಿತು, ಅದರ ಬದಲಿಗೆ ಹೊಸ ಬಂಡಿ ಬಂದಿತು. ಬೆನ್ನೆಲುಬಿಗೆ ಬದಲಿ ಇಲ್ಲ. ವಾಚಕರು ತಮ್ಮ ಚಾಳಿನಲ್ಲಿ, ಕೋಣೆಯಲ್ಲಿ ಇರುವ ಚಾಲಕ ಗೆಳೆಯರಿಗೆ, ಅದರಲ್ಲೂ ಕನ್ನಡ ಓದಲು ಬಾರದವರಿಗೆ, ಇದನ್ನು ಓದಿ ಹೇಳಬೇಕೆಂದು ಕೋರುತ್ತೇವೆ.