ಬ್ಯಾಟರಿಗೆ ಯಾಕೆ ವಯಸ್ಸಾಗತ್ತೆ?

ನಮ್ಮ ಮನೆ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ. ಅಪ್ಪ ದಿನಾ ಬೆಳಿಗ್ಗೆ ಎಲೆಕ್ಟ್ರಿಕ್ ಸ್ಕೂಟರ್‌ನಲ್ಲಿ ಬಂಗಾರಪೇಟೆ ಸ್ಟೇಷನ್‌ಗೆ ಹೋಗಿ, ಗಾಡಿ ಅಲ್ಲೇ ನಿಲ್ಲಿಸಿ ಬೆಂಗಳೂರಿನ ಟ್ರೈನ್ ಹತ್ತುತ್ತಾರೆ. ಹೋಗಿ ಬರೋದು ಸೇರಿ 26 ಕಿ.ಮೀ. ಹೊಸದರಲ್ಲಿ ಫುಲ್ ಚಾರ್ಜ್‌ಗೆ 85 ಕಿ.ಮೀ. ಓಡ್ತಿದ್ದ ಗಾಡಿ ಮೂರು ವರ್ಷಕ್ಕೆ 66ಕ್ಕೆ ಇಳಿದಿದೆ. ಹೊಸ ಬ್ಯಾಟರಿಗೆ ಐವತ್ತು ಸಾವಿರದ ಮೇಲೆ ಆಗತ್ತಂತೆ. ಗಾಡಿ ಸಾಲದ ಕಂತೇ ಇನ್ನೂ ಮುಗಿದಿಲ್ಲ. "ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಬದಲಾಯಿಸಬೇಕಾ ಬೇಡವಾ ಹೇಳು" ಅಂದ್ರು ಅಪ್ಪ. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಬ್ಯಾಟರಿ ಚಾಪ್ಟರ್ ಪೂರ್ತಿ ಬಾಯಿಪಾಠ ಮಾಡಿದ್ದ ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳ್ಕೊಂಡಿದ್ದನ್ನ ಇಲ್ಲಿ ಬರೀತಿದ್ದೀನಿ.

ಲಿಥಿಯಂ-ಅಯಾನ್ ಸೆಲ್‌ನ ಒಂದು ಕಡೆ ಗ್ರಾಫೈಟ್, ಇನ್ನೊಂದು ಕಡೆ ಲಿಥಿಯಂ ಇರುವ ಲೋಹದ ಆಕ್ಸೈಡ್ ಅಥವಾ ಫಾಸ್ಫೇಟ್, ನಡುವೆ ಎಲೆಕ್ಟ್ರೋಲೈಟ್. ಚಾರ್ಜ್ ಮಾಡಿದಾಗ ಲಿಥಿಯಂ ಅಯಾನುಗಳು ಗ್ರಾಫೈಟ್ ಪದರಗಳ ಒಳಗೆ ಹೋಗಿ ಕೂರುತ್ತವೆ, ಗಾಡಿ ಓಡಿಸಿದಾಗ ವಾಪಸ್ ಬರುತ್ತವೆ. ಬರೀ ಇಷ್ಟೇ ಆಗಿದ್ದರೆ ಬ್ಯಾಟರಿ ಸವೆಯಲೇಬಾರದು.

ತೊಂದರೆ ಏನಂದ್ರೆ, ಚಾರ್ಜ್ ಆದ ಗ್ರಾಫೈಟ್‌ನ ಹತ್ತಿರ ಎಲೆಕ್ಟ್ರೋಲೈಟ್ ತಾಳಿಕೊಳ್ಳಲಾರದು. ಅದು ಒಡೆದು, ಲಿಥಿಯಂ ಜೊತೆ ಸೇರಿ ಗ್ರಾಫೈಟ್ ಮೇಲೆ ತೆಳು ಪೊರೆಯಾಗಿ ಕೂರತ್ತೆ. ಇದಕ್ಕೆ ಎಸ್‌ಇಐ ಅಂತಾರೆ. ಈ ಪೊರೆ ಅಯಾನುಗಳನ್ನ ಒಳಗೆ ಬಿಡತ್ತೆ, ಎಲೆಕ್ಟ್ರಾನುಗಳನ್ನ ತಡೆಯತ್ತೆ. ಹಾಗಾಗಿ ಇದು ಬೇಕೇ ಬೇಕು, ಇಲ್ಲದಿದ್ದರೆ ಎಲೆಕ್ಟ್ರೋಲೈಟ್ ಒಡೆಯುತ್ತಲೇ ಹೋಗತ್ತೆ. ಫ್ಯಾಕ್ಟರಿಯ ಮೊದಲ ಚಾರ್ಜ್‌ನಲ್ಲೇ ಶೇ. 5ರಿಂದ 10ರಷ್ಟು ಲಿಥಿಯಂ ಈ ಪೊರೆಗೆ ಖರ್ಚಾಗಿಬಿಡತ್ತೆ. ಆಮೇಲೆ ಪೊರೆ ನಿಧಾನವಾಗಿ ದಪ್ಪ ಆಗ್ತಾ ಇರತ್ತೆ.

ಇಲ್ಲಿ ನನಗೆ ನಮ್ಮೂರಿನ ಸೈನೈಡ್ ದಿಬ್ಬಗಳು ನೆನಪಾದವು. 1880ರಿಂದ 2001ರವರೆಗೆ ಗಣಿಯಿಂದ ಸುಮಾರು 800 ಟನ್ ಚಿನ್ನ ತೆಗೆದು, ಉಳಿದ ಪುಡಿಯನ್ನ ಗುಡ್ಡ ಮಾಡಿದ್ದಾರೆ. ಅದರಲ್ಲಿ ಇವತ್ತಿಗೂ ಸ್ವಲ್ಪ ಚಿನ್ನ ಇದೆ. ಊರು ಬಿಟ್ಟು ಎಲ್ಲೂ ಹೋಗಿಲ್ಲ, ಆದ್ರೆ ಯಾರ ಕೈಗೂ ಸಿಗಲ್ಲ. ಹಳೇ ಬ್ಯಾಟರಿಯ ಲಿಥಿಯಂ ಕೂಡ ಹಾಗೇ. ತೂಕ ಹಾಕಿದ್ರೆ ಬ್ಯಾಟರಿ ಅಷ್ಟೇ ಭಾರ ಇರತ್ತೆ, ಲಿಥಿಯಂ ಎಲ್ಲಾ ಒಳಗೇ ಇರತ್ತೆ, ಪೊರೆಯಲ್ಲಿ ಸಿಕ್ಕಿಕೊಂಡಿರೋದು ಮಾತ್ರ ಓಡಾಡಲ್ಲ.

ಒಂದು ಲೆಕ್ಕ ನೋಡಿ. ಪ್ರತಿ ಸೈಕಲ್‌ಗೆ ಶೇ. 0.05ರಷ್ಟು ಮಾತ್ರ ಕೆಪಾಸಿಟಿ ಹೋಗತ್ತೆ ಅಂತಿಟ್ಕೊಳ್ಳಿ. 0.9995ನ್ನು 500 ಸಲ ಗುಣಿಸಿದ್ರೆ 0.78. ಅಪ್ಪನ ಗಾಡಿ 66/85, ಅಂದ್ರೆ 0.78! ಕಾಕತಾಳೀಯವೇ ಇರಬಹುದು, ಆದ್ರೂ ಕ್ಯಾಲ್ಕುಲೇಟರ್ ನೋಡಿ ಖುಷಿ ಆಯ್ತು. ನಿಜವಾದ ಸೆಲ್‌ನಲ್ಲಿ ನಷ್ಟ ಇಷ್ಟು ಸಮವಾಗಿರಲ್ಲ. ಶುರುವಿನಲ್ಲಿ ಬೇಗ, ಆಮೇಲೆ ನಿಧಾನ, ತೀರಾ ಹಳೆಯದಾದಾಗ ಕೆಲವು ಸಲ ದಿಢೀರನೆ ಕುಸಿಯತ್ತೆ.

ಇನ್ನೊಂದು ಕಾರಣ ಬಿರುಕು. ಲಿಥಿಯಂ ತುಂಬಿಕೊಂಡಾಗ ಗ್ರಾಫೈಟ್ ಸುಮಾರು ಶೇ. 10ರಷ್ಟು ಉಬ್ಬತ್ತೆ, ಖಾಲಿಯಾದಾಗ ಕುಗ್ಗತ್ತೆ. ದಿನಾ ಹೀಗಾದ್ರೆ ಪೊರೆ ಬಿರುಕು ಬಿಟ್ಟು ಹೊಸ ಮೈ ಹೊರಗೆ ಬರತ್ತೆ. ಅದನ್ನ ಮುಚ್ಚೋಕೆ ಮತ್ತಷ್ಟು ಲಿಥಿಯಂ ಖರ್ಚು. ಗಣಿಯ ಆಳದಲ್ಲಿ ಒತ್ತಡಕ್ಕೆ ಬಂಡೆ ಸಿಡಿಯೋದನ್ನ ನಮ್ಮೂರಿನ ಹಿರಿಯರು ಇನ್ನೂ ಹೇಳ್ತಾರೆ. ಬಂಡೆಗಳ ಮೇಲಿನ ಒತ್ತಡ ಸ್ಟಡಿ ಮಾಡುವ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ 1988ರಲ್ಲಿ ಕೆಜಿಎಫ್‌ನಲ್ಲೇ ಶುರುವಾಗಿದ್ದು ಸುಮ್ಮನೆ ಅಲ್ಲ.

ಇದೆಲ್ಲವನ್ನೂ ಜೋರು ಮಾಡೋದು ಬಿಸಿ. 10 ಡಿಗ್ರಿ ಏರಿದ್ರೆ ಇಂಥ ರಿಯಾಕ್ಷನ್‌ಗಳ ವೇಗ ಹತ್ತಿರ ಹತ್ತಿರ ಎರಡರಷ್ಟು ಅನ್ನೋದು ಒರಟು ಲೆಕ್ಕ. ಬಿಸಿ ಜೊತೆ ಫುಲ್ ಚಾರ್ಜೂ ಇದ್ರೆ ಇನ್ನೂ ಕೆಟ್ಟದ್ದು, ಗಾಡಿ ಸುಮ್ಮನೆ ನಿಂತಿದ್ರೂ ಸವೆಯತ್ತೆ. ಅಪ್ಪ ಮಾಡ್ತಿದ್ದಿದ್ದು ಅದೇ. ರಾತ್ರಿ ಒಂಬತ್ತಕ್ಕೆ ಪ್ಲಗ್ ಹಾಕಿ ಬೆಳಗಿನವರೆಗೆ ನೂರರಲ್ಲಿ ಇಡೋದು, ಆಮೇಲೆ ಏಪ್ರಿಲ್ ಬಿಸಿಲಲ್ಲಿ ಸ್ಟೇಷನ್ ಹತ್ತಿರ ಹತ್ತು ಗಂಟೆ ನಿಲ್ಲಿಸೋದು.

ಪೊರೆ ದಪ್ಪ ಆದಷ್ಟೂ ಒಳಗಿನ ರೆಸಿಸ್ಟೆನ್ಸ್ ಕೂಡ ಏರತ್ತೆ. ದಿಣ್ಣೆ ಹತ್ತುವಾಗ ಕರೆಂಟ್ ಜಾಸ್ತಿ ಬೇಕು, ಆಗ ವೋಲ್ಟೇಜ್ ಬಿದ್ದು ಗಾಡಿ ಮುಕ್ಕರಿಯತ್ತೆ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋರು ಡಿಸ್‌ಪ್ಲೇಯಲ್ಲಿ ತೋರಿಸುವ ಶೇಕಡಾ ನಂಬಬೇಡಿ, ಅರ್ಧ ಚಾರ್ಜ್‌ನಲ್ಲಿ ಇಬ್ಬರು ಕೂತು ದಿಣ್ಣೆ ಹತ್ತಿಸಿ ನೋಡಿ. ಅಪ್ಪನ ಗಾಡಿ ಈ ಪರೀಕ್ಷೆಯಲ್ಲಿ ಪಾಸಾಯ್ತು.

ಹಾಗಾಗಿ ಬ್ಯಾಟರಿ ಬದಲಾಯಿಸೋದು ಬೇಡ ಅಂದೆ. ಶೇ. 80ರವರೆಗೆ ಚಾರ್ಜ್ ಮಾಡಿದ್ರೂ 53 ಕಿ.ಮೀ. ಬರತ್ತೆ, ಬೇಕಾಗಿರೋದು 26. ತಿಂಗಳಿಗೆ ಒಂದೆರಡು ಸಲ ಮಾತ್ರ ಫುಲ್ ಮಾಡಿದ್ರೆ ಸೆಲ್‌ಗಳೆಲ್ಲ ಒಂದೇ ಮಟ್ಟಕ್ಕೆ ಬರುತ್ತವೆ. ಗಾಡಿ ಮಾತ್ರ ನೆರಳಲ್ಲಿ ನಿಲ್ಲಿಸಿ ಅಂದೆ. ನೆರಳಿನ ಮಾತಿಗೆ ಅಪ್ಪ ಒಪ್ಪಿದ್ರು, ಈಗ ಹತ್ತು ನಿಮಿಷ ಮೊದಲೇ ಹೊರಟು ಮರದ ಕೆಳಗೆ ಜಾಗ ಹಿಡೀತಾರೆ. ಎಂಬತ್ತರ ಮಾತಿಗೆ ಮಾತ್ರ, "ಬೆಳಿಗ್ಗೆ ಕರೆಂಟ್ ಹೋದ್ರೆ ನೀನು ಬಂದು ತಳ್ತೀಯಾ?" ಅಂದ್ರು. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದ ಊರಿನವರು ಕೇಳುವ ಪ್ರಶ್ನೆ ನೋಡಿ! ಕೊನೆಗೆ ತೊಂಬತ್ತಕ್ಕೆ ಒಪ್ಪಂದ ಆಯ್ತು.