ಎಂಜಿನ್‌ಗೆ ನೀರು ಏರುತ್ತಿದೆಯೇ? ನಾಡದೋಣಿಯ ಔಟ್‌ಬೋರ್ಡ್ ಬಿಸಿಯಾದರೆ ಹೀಗೆ ಮಾಡಿ

ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ನಿಂತಿರುತ್ತವೆ. ಆಗ ಕಡಲಿಗಿಳಿಯುವುದು 10 ಎಚ್‌ಪಿವರೆಗಿನ ಔಟ್‌ಬೋರ್ಡ್ ಎಂಜಿನ್ ಇರುವ ನಾಡದೋಣಿಗಳು. ಗಂಗೊಳ್ಳಿ, ಹೊನ್ನಾವರದಂಥ ಅಳಿವೆಗಳಲ್ಲಿ ಹೊಳೆಯ ಹೂಳು, ಮರಳು, ಪ್ಲಾಸ್ಟಿಕ್ ಹರಿದುಬರುವುದೂ ಆಗಲೇ. ಈ ಎಂಜಿನ್‌ಗೆ ರೇಡಿಯೇಟರ್ ಇಲ್ಲ. ತಾನು ನಿಂತ ನೀರನ್ನೇ ಹೀರಿ ತಂಪಾಗಬೇಕು. ಅಳಿವೆ ಬಾಗಿಲಿನ ತೆರೆಗಳ ನಡುವೆ ಅದು ಕೈಕೊಟ್ಟರೆ ಪಿಸ್ಟನ್ ಜೊತೆಗೆ ಜೀವಕ್ಕೂ ಕುತ್ತು. ಹಾಗಾಗಿ ನೀರಿನ ದಾರಿ ದೋಣಿಯವರಿಗೇ ಗೊತ್ತಿರಬೇಕು.

ನೀರು ಹೋಗುವ ದಾರಿ

ಫ್ಯಾನಿನ (ಪ್ರೊಪೆಲ್ಲರ್) ಮೇಲುಗಡೆ, ಗೇರ್‌ಕೇಸಿನ ಪಕ್ಕದಲ್ಲಿರುವ ಜಾಲರಿಯಿಂದ ನೀರು ಒಳಬರುತ್ತದೆ. ಪಂಪಿನೊಳಗಿನ ರಬ್ಬರ್ ಇಂಪೆಲ್ಲರ್ ಅದನ್ನು ಕೊಳವೆಯ ಮೂಲಕ ಮೇಲಕ್ಕೆ ದೂಡುತ್ತದೆ. ಸಿಲಿಂಡರನ್ನು ಸುತ್ತಿ, ಥರ್ಮೋಸ್ಟಾಟ್ ದಾಟಿದ ನೀರು ಹೊಗೆಯ ಜೊತೆ ಹೊರಬೀಳುತ್ತದೆ. ಒಂದಿಷ್ಟು ನೀರು ಮಾತ್ರ ಹಿಂಬದಿಯ ಸಣ್ಣ ತೂತಿನಿಂದ ಚಿಮ್ಮುತ್ತದೆ. ನಮ್ಮ ಕಣ್ಣಿಗೆ ಬೀಳುವ ಗುರುತು ಅದೊಂದೇ.

ಕಡಲಿನಲ್ಲಿರುವಾಗ

1. ಚಿಮ್ಮುವ ನೀರು ನಿಂತರೆ, ಹಬೆ ಬಂದರೆ ಅಥವಾ ಬಜರ್ ಕೂಗಿದರೆ ಕೂಡಲೇ ವೇಗ ಇಳಿಸಿ, ನ್ಯೂಟ್ರಲ್‌ಗೆ ತಂದು ಎಂಜಿನ್ ನಿಲ್ಲಿಸಿ. ದೋಣಿ ತೇಲಿಹೋಗುವಂತಿದ್ದರೆ ಲಂಗರು ಹಾಕಿ.

2. ಎಂಜಿನ್ ಮೇಲೆತ್ತಿ ಜಾಲರಿ ನೋಡಿ. ಪ್ಲಾಸ್ಟಿಕ್ ಚೀಲ, ಬಲೆಯ ತುಂಡು, ಕಸ ಸಿಕ್ಕಿದ್ದರೆ ಬಿಡಿಸಿ.

3. ಚಿಮ್ಮುವ ತೂತಿಗೆ ದಪ್ಪ ನೈಲಾನ್ ತಂಗೂಸಿ ತೂರಿಸಿ ಆಡಿಸಿ. ಹಲವು ಸಲ ಅಲ್ಲಿ ಮರಳಿನ ಕಾಳೊಂದೇ ಅಡ್ಡ ನಿಂತಿರುತ್ತದೆ. ದಡದಲ್ಲಿಟ್ಟ ಎಂಜಿನ್‌ನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದೂ ಉಂಟು.

4. ಎಂಜಿನ್ ಆರಿದ ಮೇಲಷ್ಟೇ ಮತ್ತೆ ಚಾಲೂ ಮಾಡಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ. ಮತ್ತೆಯೂ ನೀರು ಬಾರದಿದ್ದರೆ ಓಡಿಸದೆ ಬೇರೆ ದೋಣಿಯ ನೆರವು ಕೇಳಿ.

ದಡಕ್ಕೆ ಬಂದ ಮೇಲೆ

ಡ್ರಮ್ಮಿನಲ್ಲಿ ಜಾಲರಿ ಪೂರ್ತಿ ಮುಳುಗುವಷ್ಟು ಸಿಹಿನೀರು ತುಂಬಿ, ನ್ಯೂಟ್ರಲ್‌ನಲ್ಲೇ ಓಡಿಸಿ ನೋಡಿ. ನೀರಿಲ್ಲದೆ ಕೆಲವೇ ಸೆಕೆಂಡು ಓಡಿಸಿದರೂ ಇಂಪೆಲ್ಲರ್ ಸುಟ್ಟುಹೋಗಬಹುದು.

*ನಿಧಾನಗತಿಯಲ್ಲಿ ನೀರು ಕ್ಷೀಣ, ವೇಗ ಕೊಟ್ಟರೆ ಜೋರು:* ಇಂಪೆಲ್ಲರಿನ ರೆಕ್ಕೆ ಸವೆದಿರುವ ಸಂಭವ ಹೆಚ್ಚು.

*ನೀರು ಚೆನ್ನಾಗಿ ಚಿಮ್ಮಿದರೂ ಎಂಜಿನ್ ಕಾಯುತ್ತದೆ:* ಥರ್ಮೋಸ್ಟಾಟ್ ಮುಚ್ಚಿಕೊಂಡಿರಬಹುದು ಅಥವಾ ಒಳದಾರಿಯಲ್ಲಿ ಉಪ್ಪು, ಮರಳು ಗಟ್ಟಿಯಾಗಿರಬಹುದು. ಹೊರಗೆ ನೀರು ಕಂಡಿತೆಂದು ಒಳಗೆಲ್ಲ ಸರಿಯಿದೆ ಎನ್ನುವಂತಿಲ್ಲ.

*ಡ್ರಮ್ಮಿನಲ್ಲಿ ಸರಿ, ಕಡಲಿನಲ್ಲಿ ತೊಂದರೆ:* ಎಂಜಿನ್ ಎತ್ತರಕ್ಕೆ ಕೂತು, ಜಾಲರಿ ಗಾಳಿ ಹೀರುತ್ತಿದೆಯೇ ನೋಡಿ.

ಇಂಪೆಲ್ಲರ್ ಬದಲಾವಣೆ

ಮೊದಲು ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಳಚಿ. ಗೇರ್ ರಾಡಿನ ಜೋಡಣೆ ಬಿಡಿಸಿ, ಬೋಲ್ಟ್ ತೆಗೆದು ಗೇರ್‌ಕೇಸ್ ಕೆಳಗಿಳಿಸಿ. ಬೋಲ್ಟ್ ತುಕ್ಕು ಹಿಡಿದಿದ್ದರೆ ಬಲಪ್ರಯೋಗ ಬೇಡ, ಮೆಕ್ಯಾನಿಕ್‌ಗೆ ಬಿಡಿ. ಪಂಪ್ ತೆರೆದಾಗ ರೆಕ್ಕೆಗಳು ಬಿರುಕು ಬಿಟ್ಟಿದ್ದರೆ, ಬಾಗಿದಂತೆಯೇ ಗಟ್ಟಿಯಾಗಿದ್ದರೆ ಹೊಸತು ಹಾಕಬೇಕು. ರೆಕ್ಕೆಯ ತುಂಡು ಕಾಣೆಯಾಗಿದ್ದರೆ ಅದನ್ನು ಹುಡುಕದೆ ಮುಚ್ಚಬೇಡಿ. ಅದು ಮೇಲಿನ ಕೊಳವೆಯಲ್ಲಿ ಸಿಕ್ಕಿಕೊಂಡು ಹೊಸ ಪಂಪನ್ನೂ ವ್ಯರ್ಥ ಮಾಡುತ್ತದೆ. ಮರಳಿನಿಂದ ಪಂಪಿನ ಒಳಬಟ್ಟಲು, ತಟ್ಟೆ ಗೀರಿದ್ದರೆ ಅವನ್ನೂ ಗ್ಯಾಸ್ಕೆಟ್ ಸಹಿತ ಬದಲಿಸಿ. ಹೊಸ ಇಂಪೆಲ್ಲರಿಗೆ ಸೋಪಿನ ನೀರು ಸವರಿ, ಶಾಫ್ಟನ್ನು ಅದು ತಿರುಗುವ ದಿಕ್ಕಿಗೇ ತಿರುಗಿಸುತ್ತ ಕೂರಿಸಿ. ಇಂಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ಸಣ್ಣ ಕೀಲಿ ಜಾಗದಲ್ಲಿರಲಿ. ಗೇರ್‌ಕೇಸ್ ಏರಿಸುವಾಗ ನೀರಿನ ಕೊಳವೆ ಪಂಪಿನ ಬಾಯಿಗೆ ಸರಿಯಾಗಿ ಕೂತಿದೆಯೇ ಎಂದು ನೋಡಿಕೊಳ್ಳಿ.

ಥರ್ಮೋಸ್ಟಾಟ್ ಪರೀಕ್ಷೆ

ಬಿಚ್ಚಿ ತೆಗೆದ ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ ನೀರಿನ ಪಾತ್ರೆಗೆ ಇಳಿಬಿಟ್ಟು ಕಾಯಿಸಿ. ಅನೇಕ ಔಟ್‌ಬೋರ್ಡ್‌ಗಳಲ್ಲಿ ಅದು ಸುಮಾರು 50ರಿಂದ 60 ಡಿಗ್ರಿ ಸೆಲ್ಸಿಯಸ್ ಒಳಗೆ ತೆರೆಯತೊಡಗುತ್ತದೆ. ನಿಮ್ಮ ಎಂಜಿನ್‌ನ ಅಂಕಿ ಕೈಪಿಡಿಯಲ್ಲಿದೆ. ನೀರು ಕುದಿದರೂ ತೆರೆಯದಿದ್ದರೆ ಹೊಸತು ತನ್ನಿ. ಅದನ್ನು ಕಿತ್ತೆಸೆದು ಓಡಿಸುವುದು ಪರಿಹಾರವಲ್ಲ. ಎಂಜಿನ್ ತಕ್ಕಷ್ಟು ಬಿಸಿಯಾಗದಿದ್ದರೆ ಇಂಧನವಾಗಿ ಬಳಸುವ ಸೀಮೆಎಣ್ಣೆ ಸರಿಯಾಗಿ ಆವಿಯಾಗದೆ ಅರೆಬರೆ ಉರಿದು, ಒಳಗೆ ಮಸಿ ಕಟ್ಟುತ್ತದೆ.

ಇಷ್ಟಾದರೂ ಕಾಯುವುದು ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ತಪಾಸಣೆ ಆಗಬೇಕು. ಅದು ಮೆಕ್ಯಾನಿಕ್‌ನ ಕೆಲಸ.

ತೊಂದರೆ ಬಾರದಂತೆ

• ಕಡಲಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ಹತ್ತು ನಿಮಿಷ ಓಡಿಸಿ ಉಪ್ಪು ತೊಳೆಯಿರಿ. ನೆಟ್ಟಗೆ ನಿಲ್ಲಿಸಿ ನೀರು ಬಸಿಯಲು ಬಿಡಿ.
• ಮರಳು ತುಂಬಿದ ಅಳಿವೆಯಲ್ಲಿ ಓಡಿಸುವವರು ಪ್ರತಿ ಮಳೆಗಾಲಕ್ಕೆ ಮೊದಲೇ ಇಂಪೆಲ್ಲರ್ ಬಿಚ್ಚಿ ನೋಡುವುದು ಒಳ್ಳೆಯದು.
• ದೋಣಿಯಲ್ಲಿ ತಂಗೂಸಿ ತುಂಡು, ಪ್ಲಗ್ ಸ್ಪ್ಯಾನರ್, ಲಂಗರು, ಹುಟ್ಟು, ಎಲ್ಲರಿಗೂ ಲೈಫ್ ಜಾಕೆಟ್ ಇರಲಿ.
• ಅಳಿವೆ ಬಾಗಿಲು ದಾಟುವ ಮುನ್ನ ಒಮ್ಮೆ ಹಿಂದಿರುಗಿ ನೀರು ಚಿಮ್ಮುತ್ತಿದೆಯೇ ನೋಡಿ. ಇಲ್ಲವೆಂದಾದರೆ ಅಲ್ಲಿಂದಲೇ ದೋಣಿ ತಿರುಗಿಸಿ.