ಮಾರುವ ಮನೆಗೆ ಸುಣ್ಣ ಮೊದಲೋ, ಕಾಗದ ಮೊದಲೋ

ಕುದೂರು ಹೋಬಳಿಯ ಒಂದು ಹಳ್ಳಿಯಲ್ಲಿ ನಮ್ಮ ಸೋದರಮಾವನ ಮನೆಯಿತ್ತು. ಮುಂದೆ ಮಂಗಳೂರು ಹೆಂಚು, ಹಿಂದೆ ಆಮೇಲೆ ಕಟ್ಟಿಸಿದ ಒಂದು ಆರ್‌ಸಿಸಿ ಕೋಣೆ. ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ಮಾರುವುದೆಂದು ತೀರ್ಮಾನವಾಯಿತು. ಚಿತ್ತೆ ಮಳೆ ಹಿಡಿದರೆ ಆ ಕೋಣೆಯ ಮೂಲೆ ಗೋಡೆ ಸೂರಿನಿಂದ ಮೂರಡಿ ಕೆಳಗಿನ ತನಕ ಒದ್ದೆಯಾಗಿ, ಬಣ್ಣ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಪೇಂಟರ್ ಬಂದು ಗೋಡೆ ತಟ್ಟಿ ನೋಡಿದ. "ಯಜಮಾನ್ರೇ, ಎರಡು ಕೋಟ್ ಪುಟ್ಟಿ, ಎರಡು ಕೋಟ್ ಪೇಂಟ್ ಹೊಡೆದ್ರೆ ಯಾರಿಗೂ ಗೊತ್ತಾಗಲ್ಲ. ಮಳೆಗಾಲದೊಳಗೆ ಮಾರಿಬಿಡಿ" ಅಂದ. ಮಾವ ನನ್ನ ಮುಖ ನೋಡಿದರು.

ಬೇಡ ಮಾವ ಎಂದೆ. ಹಾಗೆ ಹೇಳಿದ್ದು ಬರೀ ಧರ್ಮದ ಮಾತಾಗಿರಲಿಲ್ಲ, ಕಾನೂನೂ ಅದನ್ನೇ ಹೇಳುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಪ್ರಕರಣ ಮಾರುವವರ ಕರ್ತವ್ಯಗಳನ್ನು ಹೇಳುವಾಗ ಮೊಟ್ಟಮೊದಲು ಇಟ್ಟಿರುವುದೇ ಈ ಮಾತು. ಸ್ವತ್ತಿನಲ್ಲಾಗಲಿ, ಅದರ ಹಕ್ಕಿನಲ್ಲಾಗಲಿ ಗಣನೀಯ ದೋಷವಿದ್ದು, ಅದು ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದಿದ್ದರೆ, ಸಾಮಾನ್ಯ ಎಚ್ಚರದಿಂದ ನೋಡಿದರೂ ಅವರಿಗೆ ಕಾಣುವಂಥದ್ದಲ್ಲವಾದರೆ, ಮಾರುವವರು ಬಾಯಿಬಿಟ್ಟು ಹೇಳಲೇಬೇಕು. ಹೇಳದೆ ಬಿಟ್ಟರೆ ಅದು ವಂಚನೆ ಎಂದು ಅದೇ ಪ್ರಕರಣದ ಕೊನೆಯಲ್ಲಿ ಸ್ಪಷ್ಟವಾಗಿ ಬರೆದಿದೆ. ಎದ್ದು ಕಾಣುವ ಬಿರುಕನ್ನು ಕೊಳ್ಳುವವರು ತಾವೇ ನೋಡಿಕೊಳ್ಳಬೇಕು, ನಿಜ. ಆದರೆ ಅದೇ ಬಿರುಕಿನ ಮೇಲೆ ಪುಟ್ಟಿ ಎಳೆದ ಕ್ಷಣದಿಂದ ಅದು ನೀವು ಮುಚ್ಚಿಟ್ಟ ದೋಷವಾಗುತ್ತದೆ. ಹಣ ಕೈಸೇರಿ, ನೋಂದಣಿ ಮುಗಿದ ಮೇಲೂ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಬಹುದು.

ತಾರಸಿ ಹತ್ತಿ ನೋಡಿದರೆ ಮಳೆನೀರು ಇಳಿಯುವ ಪೈಪಿನ ಬಾಯಿಗೆ ತೆಂಗಿನ ಹೊಂಬಾಳೆಯ ಸಿಪ್ಪೆ, ಒಣಗಿದ ಎಲೆ ಕಟ್ಟಿಕೊಂಡು ನೀರು ಅಲ್ಲೇ ನಿಲ್ಲುತ್ತಿತ್ತು. ಪ್ಯಾರಾಪೆಟ್ ಗೋಡೆ ತಾರಸಿಗೆ ಕೂಡುವ ಕಡೆ ಗಾರೆ ಬಾಯಿಬಿಟ್ಟಿತ್ತು. ಪೈಪು ತೆರವು ಮಾಡಿ, ಬಿರುಕು ಕೆತ್ತಿ ಗಾರೆ ತುಂಬಿ, ಮೂಲೆಗೆ ಇಳಿಜಾರು ಕಟ್ಟಿ, ಮೇಲೆ ವಾಟರ್‌ಪ್ರೂಫಿಂಗ್ ಬಳಿಸಿದೆವು. ಎರಡು ದಿನದ ಕೆಲಸ. ಪೇಂಟರ್ ಕೇಳಿದ್ದಕ್ಕಿಂತ ಕಡಿಮೆ ಖರ್ಚು. ಕೊಳ್ಳಲು ಬಂದವರಿಗೆ ಮಾವ, "ಇಲ್ಲಿ ಸೋರ್ತಿತ್ತು, ಹೀಗೆ ರಿಪೇರಿ ಮಾಡ್ಸಿದೀವಿ" ಎಂದು ತೋರಿಸಿದರು. ಅವರು ಬೆಲೆ ಇಳಿಸಿ ಎನ್ನಲಿಲ್ಲ.

ಮನೆಯ ಬೆಲೆ ಹೆಚ್ಚಿಸುವ ಅಗ್ಗದ ಕೆಲಸಗಳು ಇಂಥವೇ. ಸೋರುವ ತಾರಸಿ, ಒಡೆದ ಹೆಂಚು, ಗೆದ್ದಲು ಹತ್ತಿದ ರೀಪು, ತೊಟ್ಟಿಕ್ಕುವ ನಲ್ಲಿ, ಕಟ್ಟಿಕೊಂಡ ಬಚ್ಚಲ ಮೋರಿ, ಬಿರುಕು ಬಿಟ್ಟ ಸಂಪು, ಕಿಡಿ ಹಾರುವ ಸ್ವಿಚ್ಚು. ಇವನ್ನು ಸರಿಮಾಡಿಸಿ, ಅಂಗಳ ಗುಡಿಸಿ, ಕೊನೆಯಲ್ಲಿ ಸುಣ್ಣಬಣ್ಣ. ಇದಿಷ್ಟಕ್ಕೆ ಯಾರ ಅನುಮತಿಯೂ ಬೇಡ.

ಅನುಮತಿಯ ಮಾತು ಬರುವುದು ಮನೆಯ ಸ್ವರೂಪಕ್ಕೇ ಕೈಹಾಕಿದಾಗ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದ ಪ್ರಕಾರ ಹೊಸ ಕಟ್ಟಡಕ್ಕೆ ಮಾತ್ರವಲ್ಲ, ಇರುವ ಕಟ್ಟಡವನ್ನು ಮಾರ್ಪಡಿಸಲು, ಅದಕ್ಕೆ ಸೇರಿಸಿ ಕಟ್ಟಲು, ಕೆಡವಿ ಕಟ್ಟಲು ಕೂಡ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. "ಮೇಲೊಂದು ರೂಮು ಎತ್ತಿಬಿಟ್ರೆ ಇನ್ನೂ ನಾಲ್ಕು ಲಕ್ಷ ಜಾಸ್ತಿ ಬರುತ್ತೆ" ಎನ್ನುವ ದಲ್ಲಾಳಿಯ ಮಾತು ಕೇಳಿ ಅನುಮತಿಯಿಲ್ಲದೆ ಕಟ್ಟಿದ ಕೋಣೆ ಪಂಚಾಯಿತಿ ದಾಖಲೆಯಲ್ಲಿ ಇರುವುದಿಲ್ಲ. ಸಾಲ ಕೊಡಲು ಬರುವ ಬ್ಯಾಂಕಿನವರು ದಾಖಲೆ ಮತ್ತು ಮನೆ ಎರಡನ್ನೂ ಹೋಲಿಸುತ್ತಾರೆ. ವ್ಯತ್ಯಾಸ ಕಂಡರೆ ಸಾಲ ಅಲ್ಲಿಗೇ ನಿಲ್ಲುತ್ತದೆ, ವ್ಯಾಪಾರವೂ ನಿಲ್ಲುತ್ತದೆ. ಮೋರಿಯ ಮೇಲೆ ಚಾಚಿದ ಶೀಟು, ರಸ್ತೆಗೆ ಎರಡಡಿ ಹೊರಬಂದ ಜಗಲಿ ಇವೂ ಹಾಗೆಯೇ. ನೋಡಲು ಚೆಂದ, ಆದರೆ ಒತ್ತುವರಿಯನ್ನು ಹಣ ಕೊಟ್ಟು ಕೊಂಡಂತೆ ಆಗುತ್ತದೆ.

ಪಕ್ಕದ ಮನೆಯವರ ಕಡೆಗೆ ಹೊಸ ಕಿಟಕಿ ತೆರೆಸುವ ಮುಂಚೆಯೂ ಯೋಚಿಸಿ. ಬೆಳಕು, ಗಾಳಿ, ನೀರು ಹರಿಯುವ ದಾರಿ ಇವುಗಳ ಅನುಭೋಗದ ಹಕ್ಕು 1882ರ ಈಸ್‌ಮೆಂಟ್ ಕಾಯಿದೆಯ ಪ್ರಕಾರ 20 ವರ್ಷ ಅಡೆತಡೆಯಿಲ್ಲದೆ, ಹಕ್ಕೆಂದು ಅನುಭವಿಸಿದ ಮೇಲೆ ಬರುವಂಥದ್ದು. ನಿನ್ನೆ ತೆರೆದ ಕಿಟಕಿಗೆ ಆ ಹಕ್ಕಿಲ್ಲ. ನೆರೆಯವರು ತಮ್ಮ ಜಾಗದಲ್ಲಿ ಗೋಡೆ ಎತ್ತಿದರೆ ಕೇಳುವಂತಿಲ್ಲ. ನಮ್ಮ ಹಳ್ಳಿಗಳ ಎಷ್ಟೋ ಜಗಳಗಳು ಸೂರಿನ ನೀರಿನಿಂದಲೇ ಶುರುವಾದವು. ನಿಮ್ಮ ಹೆಂಚಿನ ನೀರು ಪಕ್ಕದವರ ಅಂಗಳಕ್ಕೆ ಬೀಳುತ್ತಿದ್ದರೆ ಒಂದು ದೋಣಿ ಕಟ್ಟಿಸಿ ನಿಮ್ಮ ಕಡೆಗೇ ತಿರುಗಿಸಿ. ಕೊಳ್ಳುವವರು ಬಂದು ಪಕ್ಕದ ಮನೆಯಲ್ಲಿ ವಿಚಾರಿಸಿದಾಗ ಅವರ ಬಾಯಿಂದ ಬರುವ ಒಳ್ಳೆಯ ಮಾತು ಯಾವ ಪೇಂಟಿಗಿಂತಲೂ ದೊಡ್ಡದು.

ಇನ್ನು ಕಾಗದ. ನನ್ನ ಅನುಭವದಲ್ಲಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಬೆಲೆ ತರುವ ರಿಪೇರಿ ಇದೇ, ಜನ ಕೊನೆಗೆ ಬಿಡುವುದೂ ಇದನ್ನೇ.

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಗಳಿಗೆ 2013ರಿಂದ ಇ-ಸ್ವತ್ತು ತಂತ್ರಾಂಶದಲ್ಲಿ ದಾಖಲೆ ಸಿಗುತ್ತದೆ. ಗ್ರಾಮಠಾಣಾ ಜಾಗ, ಭೂ ಪರಿವರ್ತನೆಯಾಗಿ ನಕ್ಷೆ ಅನುಮೋದನೆಗೊಂಡ ಬಡಾವಣೆ ಮುಂತಾದವಕ್ಕೆ ನಮೂನೆ 9 ಮತ್ತು 11ಎ, ಉಳಿದವಕ್ಕೆ 11ಬಿ. ಕೈಬರಹದ ಹಳೆಯ ಖಾತೆ ನಕಲು ಹಿಡಿದುಕೊಂಡು ನೋಂದಣಿಗೆ ಹೋದರೆ ಈಗ ನಡೆಯುವುದಿಲ್ಲ. 2024ರ ಅಕ್ಟೋಬರ್‌ನಿಂದ ರಾಜ್ಯದಾದ್ಯಂತ ಇ-ಖಾತಾ ಕಡ್ಡಾಯವಾಗಿದೆ. ಆದ್ದರಿಂದ ಪೇಂಟರ್‌ಗೆ ಹೇಳಿ ಕಳಿಸುವ ಮೊದಲು ಪಂಚಾಯಿತಿ ಕಚೇರಿಗೆ ಹೋಗಿ ಅರ್ಜಿ ಕೊಡಿ, ಕಂದಾಯ ಬಾಕಿ ಕಟ್ಟಿ ರಸೀದಿ ಪಡೆಯಿರಿ. ಖಾತೆ ಎಂದರೆ ತೆರಿಗೆ ಕಟ್ಟುವವರ ದಾಖಲೆ. ಒಡೆತನಕ್ಕೆ ಆಧಾರ ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಹಕ್ಕುಪತ್ರದಂಥವು. ಎರಡೂ ಬೇಕು.

ನಮೂನೆ ಕೈಗೆ ಬಂದ ದಿನ ಒಂದು ಟೇಪು, ಹಳೆಯ ಪತ್ರ, ಇಬ್ಬರು ಜನ ಇಟ್ಟುಕೊಂಡು ಮನೆ ಸುತ್ತ ನಡೆಯಿರಿ. ಉದ್ದ, ಅಗಲ, ಚಕ್ಕುಬಂದಿ ಮೂರೂ ಕಡೆ ಒಂದೇ ಇದೆಯೇ? ಮಾವನ 1974ರ ಪತ್ರದಲ್ಲಿ ಪೂರ್ವಕ್ಕೆ "ಓಣಿ" ಎಂದಿತ್ತು, ನಮೂನೆಯಲ್ಲಿ "ರಸ್ತೆ". ಉತ್ತರಕ್ಕೆ ಪತ್ರದಲ್ಲಿದ್ದವರು ತೀರಿಕೊಂಡು ಆ ಜಾಗ ಎರಡು ಮನೆಯಾಗಿತ್ತು. ಅಗಲ ನಮೂನೆಯಲ್ಲಿ 30 ಅಡಿ, ಟೇಪಿನಲ್ಲಿ ಇಪ್ಪತ್ತೆಂಟೂವರೆ. ಆ ಒಂದೂವರೆ ಅಡಿ ಮುಚ್ಚಿಟ್ಟು ಮಾರಿದ್ದರೆ ಮುಂದೆ ಯಾರ ಮೈಮೇಲೆ ಬರುತ್ತಿತ್ತು ಹೇಳಿ. ಇಂಥ ತಿದ್ದುಪಡಿಗೆ ಪಂಚಾಯಿತಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ನಿಮ್ಮೂರಲ್ಲಿ ಸ್ವಾಮಿತ್ವ ಯೋಜನೆಯ ಡ್ರೋನ್ ಅಳತೆ ಆಗಿದ್ದರೆ ಆ ಸ್ವತ್ತಿನ ಕಾರ್ಡನ್ನೂ ಜೊತೆಗಿಟ್ಟು ನೋಡಿ.

ಜಿಲ್ಲೆಯ ಹೆಸರಿನ ಗೊಂದಲಕ್ಕೆ ಮಾತ್ರ ಹೆದರಬೇಡಿ. ನಮ್ಮ ಭಾಗದ ಒಂದೇ ಮನೆಯ ಪತ್ರಗಳಲ್ಲಿ ನಾಲ್ಕು ಜಿಲ್ಲೆ ಕಾಣಬಹುದು. 1986ಕ್ಕೆ ಮುಂಚಿನದಾದರೆ ಬೆಂಗಳೂರು, ಆಮೇಲೆ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಿಂದ ಬೆಂಗಳೂರು ದಕ್ಷಿಣ. ಊರು, ಹೋಬಳಿ, ಮಾಗಡಿ ತಾಲ್ಲೂಕು ಸರಿಯಿದ್ದು, ಹೊಸ ಕ್ರಯಪತ್ರದ ಷೆಡ್ಯೂಲಿನಲ್ಲಿ ಹಿಂದಿನ ಜಿಲ್ಲೆಯ ಹೆಸರನ್ನೂ ಕಾಣಿಸಿದರೆ ಸಾಕು.

ಹೆದರಬೇಕಾದ್ದು ಮನೆಯವರ ಸಹಿ ತಪ್ಪಿದಾಗ. ಖಾತೆ ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದರೆ ಮೊದಲು ಪೌತಿ ಖಾತೆ ಆಗಬೇಕು. ಹಾಗೆಯೇ ಖಾತೆ ಒಬ್ಬ ಅಣ್ಣನ ಹೆಸರಿಗೆ ಬಂದ ಮಾತ್ರಕ್ಕೆ ಮನೆ ಅವನೊಬ್ಬನದಾಗುವುದಿಲ್ಲ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಡುವ ತಿದ್ದುಪಡಿ 1994ರಲ್ಲೇ ಬಂತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ಕಾಯಿದೆಯೇ ಮಗಳನ್ನು ಮಗನಿಗೆ ಸಮ ಮಾಡಿತು. ಆ ದಿನ ತಂದೆ ಬದುಕಿರಲೇಬೇಕೆಂದೇನಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. "ಮದುವೇಲಿ ಒಡವೆ ಹಾಕಿದೀವಿ, ಅವಳದ್ದೇನಿದೆ" ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಅಕ್ಕತಂಗಿಯರನ್ನು ಕರೆದು ಕೂರಿಸಿ, ಅವರ ಪಾಲು ಕೊಟ್ಟು, ಕ್ರಯಪತ್ರಕ್ಕೆ ಅವರ ಸಹಿಯನ್ನೂ ಹಾಕಿಸಿ. ಅವರು ಮನಃಪೂರ್ವಕ ಬಿಟ್ಟುಕೊಡುವುದಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಸಿ. ಮಾವನಿಗೆ ಇಬ್ಬರು ತಂಗಿಯರು. ಒಬ್ಬರು ನನ್ನ ತಾಯಿ. ಇಬ್ಬರೂ ನೋಂದಣಿ ದಿನ ಬಂದು ಸಹಿ ಹಾಕಿದರು, ಪಾಲಿನ ಹಣ ಅವರವರ ಖಾತೆಗೆ ಹೋಯಿತು.

ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ, ಅಂದರೆ ಇಸಿ, ತೆಗೆಸಿ ಹಳೆಯ ಅಡಮಾನವೇನಾದರೂ ಉಳಿದಿದೆಯೇ ನೋಡಿ. ಸಾಲ ತೀರಿಸಿ ವರ್ಷಗಳಾದರೂ ಖುಲಾಸೆ ಪತ್ರ ನೋಂದಣಿಯಾಗದೆ ಉಳಿದಿರುವುದು ಬಹಳ ಸಾಮಾನ್ಯ. ಸರ್ಕಾರಿ ವಸತಿ ಯೋಜನೆಯಲ್ಲಿ ಬಂದ ಮನೆಯಾದರೆ ಹಕ್ಕುಪತ್ರದಲ್ಲಿ ಪರಭಾರೆ ನಿಷೇಧದ ಅವಧಿ ಇದೆಯೇ ಓದಿ. ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯಿದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಊರ್ಜಿತವಲ್ಲ.

ರಿಪೇರಿಯ ಬಿಲ್ಲುಗಳನ್ನು ಎಸೆಯಬೇಡಿ. ಹಳ್ಳಿ ಮನೆಗೆ ತೆರಿಗೆ ಇಲ್ಲ ಎಂಬ ನಂಬಿಕೆ ತಪ್ಪು. ಗ್ರಾಮೀಣ ಕೃಷಿ ಜಮೀನಿಗೆ ಇರುವ ವಿನಾಯಿತಿ ಮನೆಗೆ ಇಲ್ಲ. 24 ತಿಂಗಳಿಗಿಂತ ಹೆಚ್ಚು ನಿಮ್ಮಲ್ಲಿದ್ದ ಮನೆಯ ಲಾಭದ ಮೇಲೆ ಶೇ 12.5 ತೆರಿಗೆ, 2024ರ ಜುಲೈ 23ಕ್ಕೆ ಮುಂಚೆ ಬಂದದ್ದಾದರೆ ಈ ಲೆಕ್ಕ ಮತ್ತು ಹಣದುಬ್ಬರ ಹಿಡಿದ ಶೇ 20ರ ಹಳೆಯ ಲೆಕ್ಕ ಎರಡರಲ್ಲಿ ಯಾವುದು ಕಡಿಮೆಯೋ ಅದು, ಭಾರತದಲ್ಲೇ ವಾಸವಿರುವ ವ್ಯಕ್ತಿಗಳಿಗೆ. ಲಾಭ ಲೆಕ್ಕ ಹಾಕುವಾಗ 2001ರ ಏಪ್ರಿಲ್ 1ರ ನಂತರ ಮನೆಗೆ ಸೇರಿಸಿ ಕಟ್ಟಿದ, ಬದಲಾಯಿಸಿದ ಖರ್ಚನ್ನು ಕಳೆಯಬಹುದು: ಹೊಸ ಕೋಣೆ, ಶೌಚಾಲಯ, ಸಂಪು. ಪ್ರತಿ ವರ್ಷದ ಸುಣ್ಣಬಣ್ಣ ಅದರಲ್ಲಿ ಬರುವುದಿಲ್ಲ. ಲಾಭದ ಹಣದಲ್ಲಿ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ, ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ ವಿನಾಯಿತಿಯೂ ಉಂಟು.

ಅಡ್ವಾನ್ಸ್ ವಿಷಯದಲ್ಲಿ ಕೈಮುಗಿದು ಹೇಳುತ್ತೇನೆ, ನಗದು ತೆಗೆದುಕೊಳ್ಳಬೇಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು 2015ರಿಂದ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಪಡೆದಷ್ಟೇ ಮೊತ್ತದ ದಂಡ ಬೀಳುವುದು ಪಡೆದವರ ಮೇಲೆ. ಒಳ್ಳೆಯ ದಿನ ನೋಡಿ ವೀಳ್ಯದೆಲೆ ಮೇಲೆ 101 ರೂಪಾಯಿ ಇಟ್ಟು ಮಾತು ಕೊಡಿ, ಉಳಿದದ್ದು ಬ್ಯಾಂಕಿನಿಂದ ಬರಲಿ.

ಕೊಳ್ಳುವವರ ಮೇಲಿನ ಭಾರವನ್ನೂ ತಿಳಿದಿರಬೇಕು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆಯಿತು. 20 ಲಕ್ಷದ ಮನೆಗೆ ಒಂದು ಲಕ್ಷ ನಲವತ್ತು ಸಾವಿರಕ್ಕೂ ಮೇಲೆ. ಅಷ್ಟು ತೆರುವವರಿಗೆ ಕಾಗದ ಸರಿಯಿರುವ ಮನೆಯೇ ಬೇಕು. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು.

ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಓಡಾಡಿದರೂ ಕೆಲಸವಾಗದಿದ್ದರೆ ಸುಮ್ಮನಿರಬೇಡಿ. ಸಕಾಲ ವ್ಯಾಪ್ತಿಯ ಸೇವೆಗೆ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯುವುದು ನಿಮ್ಮ ಹಕ್ಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500ರ ತನಕ ಪರಿಹಾರವಿದೆ. 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಲ್ಲಿ ಕಡತ ಯಾರ ಮೇಜಿನ ಮೇಲಿದೆ ಎಂದು ಕೇಳಿದರೆ 30 ದಿನದೊಳಗೆ ಉತ್ತರ ಕೊಡಬೇಕು. ವಕೀಲರಿಗೆ ಕೊಡಲು ಹಣವಿಲ್ಲದವರು ಮಾಗಡಿಯ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವರಮಾನ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಕೊನೆಯದು ಬೀಗದ ಕೈ ಕೊಡುವ ದಿನದ್ದು. ಮಾರಾಟದ ದಿನದ ತನಕದ ಕಂದಾಯ, ನೀರು, ಬೆಸ್ಕಾಂ ಬಿಲ್ಲು ಮಾರುವವರದ್ದು. ಗೃಹಜ್ಯೋತಿಗೆ ಆ ಆರ್‌ಆರ್ ನಂಬರಿಗೆ ಜೋಡಿಸಿದ ನಿಮ್ಮ ಆಧಾರ್ ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ತೊಡಕಾಗುತ್ತದೆ. ಹಾಗೇ ಸ್ವತ್ತು ವರ್ಗಾವಣೆ ಕಾಯಿದೆಯ 8ನೇ ಪ್ರಕರಣ ನೋಡಿ: ಮನೆ ಮಾರಿದರೆ ಅದರ ಬೀಗ, ಕೀಲಿಕೈ, ಬಾಗಿಲು, ಕಿಟಕಿ ಮತ್ತು ಶಾಶ್ವತ ಬಳಕೆಗೆಂದು ಜೋಡಿಸಿದ ವಸ್ತುಗಳೆಲ್ಲ ಮನೆಯ ಜೊತೆಗೇ ಹೋಗುತ್ತವೆ. ಬೇಡವೆಂದರೆ ಮೊದಲೇ ಬರೆದಿಡಬೇಕು. ಮಾವನ ಮನೆಯ ತಲೆಬಾಗಿಲು ಅವರ ತಾತ ಮಾಡಿಸಿದ್ದು, ಹಲಸಿನ ಮರದ್ದು. ನಡುಪಟ್ಟಿಯ ಮೇಲೆ ಕೆತ್ತಿದ ಗಜಲಕ್ಷ್ಮಿಗೆ ಎಷ್ಟೋ ಯುಗಾದಿಯ ಅರಿಸಿನ ಕುಂಕುಮ ಹತ್ತಿ ಮೈ ನಯವಾಗಿತ್ತು. ಕರಾರಿನಲ್ಲೇ ಒಂದು ಸಾಲು ಬರೆಸಿದೆವು, ಈ ಬಾಗಿಲು ಮತ್ತು ಹೊಸ್ತಿಲು ಮಾರಾಟಕ್ಕೆ ಸೇರಿಲ್ಲ, ಅದರ ಜಾಗಕ್ಕೆ ಮಾರುವವರೇ ಹೊಸ ಬಾಗಿಲು ಕೂರಿಸಿಕೊಡತಕ್ಕದ್ದು ಎಂದು. ಕೊಂಡವರು ಓದಿ, ಸಹಿ ಹಾಕಿ, ಬಾಗಿಲನ್ನು ಟ್ರ್ಯಾಕ್ಟರಿಗೆ ಏರಿಸುವಾಗ ತಾವೂ ಒಂದು ಕಡೆ ಹಿಡಿದರು.